ಮಾವ ಎತ್ತಿಟ್ಟ ಸಾಮಾನು

ನಮ್ಮ ಸೋದರಮಾವ ಕಳ್ಳ! ಹೀಗೆಂದರೆ ಮರಿಯಮ್ಮನಹಳ್ಳಿಯಲ್ಲಿ ಯಾರೂ ಬೆಚ್ಚಿಬೀಳುವುದಿಲ್ಲ. "ಈ ಸಲ ಯಾರದು, ಏನು ಎತ್ತಿಟ್ಟಾನ?" ಎಂದಷ್ಟೇ ಕೇಳುತ್ತಾರೆ.

ಅವನದೊಂದು ಗೂಡ್ಸ್ ಗಾಡಿ. ಮನೆ ಖಾಲಿ ಮಾಡುವವರ ಸಾಮಾನು ಸಾಗಿಸುವುದೇ ಕಸುಬು. ಜನ ಊರು ಬಿಟ್ಟರೆ ಇವನಿಗೆ ಊಟ. ಆದರೆ ಯಾರೂ ಊರು ಬಿಡಬಾರದೆಂಬುದು ಇವನ ಹಟ! ಇಂಥವನು ಉದ್ಧಾರವಾದಾನೆಯೇ?

"ಒಂದು ಮನಿ ಹೋದ್ರ ಅದೊಂದ ಹೋಗಂಗಿಲ್ಲವ್ವಾ. ಹಾಲಿನಾಕಿ ಗಿರಾಕಿ ಹೋತು, ಗಿರಣಿಗೆ ಬರೋ ಜ್ವಾಳದ ಡಬ್ಬಿ ಹೋತು, ಟೇಲರಂದು ಹಬ್ಬದ ಹೊಲಿಗಿ ಹೋತು" ಎಂದು ಗೊಣಗುತ್ತಲೇ ಗಾಡಿ ತುಂಬುತ್ತಾನೆ. ತುಂಬುವಾಗ ಯಾರಿಗೂ ಕಾಣದಂತೆ ಒಂದು ಸಾಮಾನನ್ನು ತನ್ನ ಹಿತ್ತಲಿಗೆ ದಾಟಿಸಿಬಿಡುತ್ತಾನೆ. ಯಾಕಂತೆ? ಅದನ್ನು ಒಯ್ಯಲಾದರೂ ಅವರು ಒಮ್ಮೆ ತಿರುಗಿ ಬರಬೇಕಂತೆ!

ಕಂಪ್ಲಿಗೆ ಹೋದ ಮೇಷ್ಟ್ರ ಮನೆಯ ರುಬ್ಬುವ ಕಲ್ಲಿನ ಗುಂಡನ್ನು ಹೀಗೇ ಉಳಿಸಿಕೊಂಡ. ಗುಂಡಿಲ್ಲದೆ ಎಷ್ಟು ದಿನ ಇದ್ದಾರು ಎಂದು ತಿಂಗಳು ಕಾದ. ಕೊನೆಗೆ ಮೇಷ್ಟ್ರ ಹೆಂಡತಿಯೇ ಫೋನ್ ಮಾಡಿದರು.

"ಅಣ್ಣಾರ, ಗುಂಡು ನಿಮ್ಮಲ್ಲೇ ಇರ್ಲಿ ಬಿಡ್ರಿ. ಮಿಕ್ಸಿ ತಗೊಂಡೀವಿ!"

ಆ ದಿನ ಮಾವ ಊಟ ಮಾಡಲಿಲ್ಲ.

ಬರುವವರೆಂದರೆ ಮಾತ್ರ ಅವನಿಗೆ ಹಬ್ಬ. ಸಂಡೂರಿನ ಗಣಿ ಕೆಲಸಕ್ಕೆಂದು ಬಿಹಾರದಿಂದ ಗಂಡ ಹೆಂಡತಿ ಬಂದಾಗ, ಹೊಸ ಮನೆಯಲ್ಲಿ ಉಕ್ಕಿಸಲು ಹಾಲನ್ನೂ ಇವನೇ ಒಯ್ದ. ಉಕ್ಕಿದ್ದು ಸಾಲದೆಂದು ಮತ್ತೆ ಉಕ್ಕಿಸಿದ! "ಚಲೋ ಉಕ್ಕಿದ್ರ ಭಾಳ ದಿನ ಇರ್ತಾರ" ಎಂದ. ಮೂರು ವರ್ಷಕ್ಕೆ ಗಣಿಯಲ್ಲಿ ಕೆಲಸ ಕಡಿಮೆಯಾಯಿತು. ಅವರನ್ನು ಹೊಸಪೇಟೆ ಸ್ಟೇಷನ್ನಿಗೆ ಬಿಟ್ಟು ಬಂದವನೂ ಇವನೇ. ಅವರ ಗಡಿಯಾರ ಇವನ ಗೋಡೆಯ ಮೇಲೆ ಉಳಿಯಿತು. ಈಗ ಅದೂ ನಿಂತಿದೆ.

ಆಮೇಲೆ ನಮ್ಮ ಸರದಿ. ಅದೇ ಗಣಿಯಲ್ಲಿ ನನ್ನ ಗಂಡನ ಕೆಲಸವೂ ಹೋಗಿ, ಸೊಲ್ಲಾಪುರದ ಕಾರ್ಖಾನೆಯೊಂದರಲ್ಲಿ ಸಿಕ್ಕಿತು. ಮಾವ ಗೊಣಗದೆ ಗಾಡಿ ತುಂಬಿದ. ನನಗೆ ಅದೇ ಸಂಕಟವಾಯಿತು. ಏನು ಎತ್ತಿಡುತ್ತಾನೋ ಎಂದು ಕಣ್ಣಿಟ್ಟಿದ್ದೆ, ಹಿಡಿಯಲಾಗಲಿಲ್ಲ. ಸೊಲ್ಲಾಪುರದಲ್ಲಿ ಸಾಮಾನು ಇಳಿಸಿ ಅವನು ಹೊರಟ ಮೇಲೆ ಒಂದೊಂದೇ ಚೀಲ ಬಿಚ್ಚಿ ಹುಡುಕಿದೆ. ಎಲ್ಲವೂ ಇತ್ತು. ಚಹಾ ಸೋಸುವ ಜರಡಿ ಕೂಡ! ನನ್ನ ಲಟ್ಟಣಿಗೆಯನ್ನಂತೂ ಹಳೇ ಸೀರೆಯಲ್ಲಿ ಸುತ್ತಿ ಅವನೇ ಕಟ್ಟಿಟ್ಟಿದ್ದ.

ಅವನು ಊರು ಮುಟ್ಟಿದ ಮೇಲೆ ಫೋನ್ ಮಾಡಿದೆ.

"ಮಾವಾ, ನಂದೇನೂ ಇಟ್ಕೊಂಡಿಲ್ಲೇನು?"

"ಇಲ್ಲವ್ವಾ. ಇಟ್ಕೊಂಡ್ರೂ ಯಾರು ಬರ್ತಾರ? ಸುಮ್ನ ನಿನಗ್ಯಾಕ ತ್ರಾಸು."

ನನಗೆ ಅಳು ಉಕ್ಕಿಬಂತು. ಲಟ್ಟಣಿಗೆ ನನ್ನ ಕೈಯಲ್ಲೇ ಇತ್ತು.

"ಸುಳ್ಳು ಹೇಳಬ್ಯಾಡ ಮಾವಾ. ನನ್ನ ಲಟ್ಟಣಿಗಿ ಇಲ್ಲ. ಯುಗಾದಿಗೆ ಬಂದು ಒಯ್ತೀನಿ, ತಗದಿಡು."

ಆ ಕಡೆ ಹಿತ್ತಲಲ್ಲಿ ಸಾಮಾನು ಸರಿಸಿ ಹುಡುಕುವ ಸದ್ದಾಯಿತು. ಆಮೇಲೆ ಮೂಗು ಎಳೆದುಕೊಂಡದ್ದು ಕೇಳಿಸಿತು.

"ಹೂಂನವ್ವಾ, ಸಿಕ್ತು" ಎಂದ ಮಾವ. "ಇಲ್ಲೇ ಐತಿ. ಬಾ."