ಹಪ್ಪಳದ ಮಣೆಯ ಮುಂದೆ ಇಂಗ್ಲಿಷ್ ಕಾದಂಬರಿ

ಬೇರೆಯವರ ಹೆಂಡತಿಯ ಸ್ವಾತಂತ್ರ್ಯದ ಮಾತು ಬಂದರೆ ನನ್ನಷ್ಟು ಉದಾರಿ ಈ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಆ ಹೆಂಡತಿ ಕಾದಂಬರಿಯೊಳಗಿನವಳಾಗಿದ್ದರಂತೂ ಕೇಳುವುದೇ ಬೇಡ. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ನನಗೆ ಅಂಥವಳೊಬ್ಬಳು ಸಿಕ್ಕಿದ್ದಳು. ಆಗ ನಾನು ಸಿದ್ದಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಶಿರಸಿಯ ವಿಚಾರಗೋಷ್ಠಿಗೆ ಒಂದು ಹಳೆಯ ಇಂಗ್ಲಿಷ್ ಕಾದಂಬರಿಯ ಮೇಲೆ ಪ್ರಬಂಧ ಬರೆಯಬೇಕಿತ್ತು. ಗಂಡನ ಮನೆಯಲ್ಲಿ ಎಲ್ಲ ಇದ್ದೂ ಉಸಿರುಗಟ್ಟಿದ ಹೆಂಗಸು, ತನ್ನ ದೇಹದ ಬಯಕೆ ತನ್ನದೇ ಎಂದು ಬಾಯಿಬಿಟ್ಟು ಹೇಳುವ ಕತೆ. ಇಂದಿನ ಹೆಣ್ಣಿಗೆ ಇದೆಷ್ಟು ಹೊಂದುತ್ತದೆ ಎಂದು ಯೋಚಿಸುತ್ತ ನನಗೆ ಎಂಥ ಹುರುಪು ಬಂತೆಂದರೆ, ಊಟಕ್ಕೆ ಕೂತಾಗಲೂ ಎಡಗೈಯಲ್ಲಿ ಪುಸ್ತಕ!

ಅದು ಹಲಸಿನ ಹಪ್ಪಳದ ಕಾಲ. ನಮ್ಮ ಕಡೆ ಹಪ್ಪಳ ಒಬ್ಬರ ಕೆಲಸವಲ್ಲ. ಇಂದು ಇವರಲ್ಲಿ, ನಾಳೆ ಅವರಲ್ಲಿ ಎಂದು ಕೇರಿಯ ಹೆಂಗಸರೆಲ್ಲ ಸೇರಿ ಒತ್ತುತ್ತಾರೆ. ನಮ್ಮ ಮನೆಯ ಸರದಿ ಬಂದ ದಿನ, ಉಂಡೆ ಕಟ್ಟಲೂ ಬಾರದ ನನಗೆ ಕತೆ ಹೇಳುವ ಕೆಲಸ ಬಿತ್ತು. ಅದೇ ಕಾದಂಬರಿಯನ್ನು ಶುರುಮಾಡಿದೆ. ಆದರೆ ಅವಳು ತಾನು ಮೆಚ್ಚಿದವನ ಕೋಣೆಯ ಬಾಗಿಲು ದೂಡುವಲ್ಲಿಗೆ ನನ್ನ ಧೈರ್ಯ ಕೈಕೊಟ್ಟಿತು. "ಆಮೇಲೆ ಬೆಳಗಾಯಿತು" ಎಂದುಬಿಟ್ಟೆ. ಎಲ್ಲರ ಕೈಯೂ ನಿಂತಿತು.

"ತಮಾ, ಎಂಗ ಎಲ್ಲ ನಾಕ್ ನಾಕ್ ಹಡದವ್ವು. ಹಾರ್ಸಡ, ಪೂರಾ ಹೇಳು" ಎಂದರು ಪಕ್ಕದ ಮನೆಯ ಗೌರಕ್ಕ. ನಾಲ್ಕು ನಾಲ್ಕು ಹೆತ್ತ ತಮ್ಮ ಮುಂದೆ ಏನನ್ನೂ ಹಾರಿಸಬಾರದೆಂದು ಅಪ್ಪಣೆ. ಎಪ್ಪತ್ತು ದಾಟಿದ ಜೀವ!

ಕಿವಿ ಕೆಂಪಾಗಿಸಿಕೊಂಡು ಪೂರಾ ಹೇಳಿದೆ. ನಗು, ಕೂಗಾಟ, ಒಬ್ಬರನ್ನೊಬ್ಬರು ತಿವಿಯುವುದು. ಉತ್ಸಾಹಕ್ಕೆ ಮಣೆ ಒತ್ತಿ ಒತ್ತಿ ಹಪ್ಪಳಗಳು ಹರಿದೇ ಹೋಗುವಷ್ಟು ತೆಳ್ಳಗಾದವು. ಆಗ ಗೌರಕ್ಕ ಕೇಳಿದರು: "ಅಲ್ದ, ಆ ಗಂಡ ಒಂದಿನಾದ್ರೂ 'ನಿಂಗೆ ಮನಸ್ಸಿದ್ದ?' ಹೇಳಿ ಅವಳ್ನ ಕೇಳಿದ್ನ?"

"ಇಲ್ಲೆ" ಎಂದೆ.

"ಎಂಗಳನ್ನೂ ಯಾರೂ ಕೇಳಿದ್ವಿಲ್ಲೆ" ಎಂದು ಅವರು ಇನ್ನೊಂದು ಉಂಡೆ ತೆಗೆದುಕೊಂಡರು. ನನ್ನ ಹೆಂಡತಿ ಸಾವಿತ್ರಿ ತಲೆಯೆತ್ತಿ ನನ್ನನ್ನೇ ನೋಡಿದಳು. ಮದುವೆಯಾಗಿ ಹದಿನೈದು ವರ್ಷವಾಗಿತ್ತು; 'ನಿನಗೆ ಮನಸ್ಸಿದೆಯೇ' ಎಂದು ನಾನೂ ಒಮ್ಮೆಯೂ ಕೇಳಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಸಂಜೆ ಎಲ್ಲರೂ ಹೋದ ಮೇಲೆ ಸಾವಿತ್ರಿಯ ಹತ್ತಿರ ಹೋಗಿ, "ನಿಂಗೆ ಮನಸ್ಸಿದ್ದ?" ಎಂದು ಕೇಳಿಯೇಬಿಟ್ಟೆ.

ಅವಳ ಮುಖ ಅರಳಿತು. "ಅಂತೂ ಕೇಳಿದ್ರಿ!" ಎಂದಳು. ಆಮೇಲೆ ನಿಧಾನವಾಗಿ, "ಇಂದು ಬ್ಯಾಡ. ಹಪ್ಪಳ ಒತ್ತಿ ಕೈ, ಸೊಂಟ ಎಲ್ಲ ಸೋತೋಯ್ದು" ಎಂದಳು.

ನನ್ನ ಮುಖ ತಾನಾಗಿಯೇ ಊದಿಕೊಂಡಿತು. ಅವಳು ನೋಡಿ ನಕ್ಕಳು. "ಎಂತ, ನಿಂಗ್ಳ ಪ್ರಬಂಧದಲ್ಲಿ 'ಬ್ಯಾಡ' ಹೇಳಲೆ ಜಾಗ ಇಲ್ಯ?"

ಜಾಗ ಮಾಡಿದೆ. 'ಇಂದಿನ ವಿದ್ಯಾವಂತ ಗಂಡ ಹೆಣ್ಣಿನ ಬೇಕು, ಬೇಡ ಎರಡನ್ನೂ ನಗುನಗುತ್ತ ಒಪ್ಪುತ್ತಾನೆ' ಎಂದು ಕೊನೆಯ ಹಾಳೆಯಲ್ಲಿ ಸೇರಿಸಿದೆ. ಶಿರಸಿಯಲ್ಲಿ ಆ ಸಾಲಿಗೇ ಹೆಚ್ಚು ಚಪ್ಪಾಳೆ ಬಿತ್ತು. ಮನೆಗೆ ಬಂದಾಗ ಸಾವಿತ್ರಿ ಪ್ರಬಂಧ ಓದುತ್ತೇನೆಂದು ಕೈ ಚಾಚಿದಳು. ಕೊಟ್ಟೆ. ಕೊನೆಯ ಹಾಳೆ ಬಸ್ಸಿನಲ್ಲೆಲ್ಲೋ ಬಿದ್ದುಹೋಯಿತು ಎಂದೆ. ಅದು ನನ್ನ ಕಿಸೆಯಲ್ಲೇ ಇತ್ತು.