ಲ್ಯಾಪ್‌ಟಾಪಿಗೆ ಹಸಿ ಅರಿವೆ

ಹೋದ ಸೋಮವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಇಂಡಿ ಪಟ್ಟಣದ ನಮ್ಮ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ತಾನಾಗಿಯೇ ಆರಿಹೋಯಿತು. ಅದು ನನ್ನದು. ಹತ್ತಿರದ ಹೊರ್ತಿ ಊರಿನ ನಿಂಬೆ ಬೆಳೆಗಾರರ ಬಗ್ಗೆ ಮೂರು ವಾರ ಓಡಾಡಿ ಸಿದ್ಧಪಡಿಸಿದ ವರದಿ ಅದರೊಳಗೇ ಉಳಿಯಿತು. ಪತ್ರಿಕೆಯ ಡೆಸ್ಕ್‌ನಿಂದ ಆಗಲೇ ಫೋನ್ ಬಂದಿತ್ತು: "ಸರ, ಮೊದಲ ಪುಟದಾಗ ಹೆಸರು ಹಾಕಿ ಕೊಡ್ತೇವ್ರಿ. ಐದರೊಳಗ ಬರ್ಲಿಲ್ಲಂದ್ರ ಮುದ್ದೇಬಿಹಾಳದ ಸುದ್ದಿ ಹಾಕ್ತೇವ್ರಿ." ಇಷ್ಟು ವರ್ಷದ ವರದಿಗಾರಿಕೆಯಲ್ಲಿ ಮೊದಲ ಪುಟದಲ್ಲಿ ನನ್ನ ಹೆಸರು ಬಂದಿಲ್ಲ.

ತಪ್ಪು ಕೊಳ್ಳುವಾಗ ಅಂಗಡಿಯಲ್ಲೇ ಆಗಿತ್ತು. ಎಲ್ಲಕ್ಕಿಂತ ಜೋರಾದ ಪ್ರೊಸೆಸರ್ ಯಾವುದು ಎಂದು ಕೇಳಿದ್ದೆ. ಸಿನಿಮಾ ಎಡಿಟ್ ಮಾಡುವವರಿಗೆ ಆಗುವಂಥದ್ದು ಸಿಕ್ಕಿತು. ನಾನು ಮಾಡುವುದು ಟೈಪಿಂಗ್. ಅದರ ಫ್ಯಾನ್ ತಿರುಗಿದರೆ ಪಕ್ಕದ ಮನೆಯ ಕಾಕಾ ಇಣುಕಿ, "ಏನೋ ತಮ್ಮಾ, ಹಿಟ್ಟಿನ ಗಿರಣಿ ಚಾಲೂ ಮಾಡಿಯೇನು? ಜೋಳ ತರ್ಲೇನು?" ಎನ್ನುತ್ತಾರೆ. ಕರೆಂಟ್ ಹೋದರೆ ಬ್ಯಾಟರಿ ಒಂದು ತಾಸೂ ಬಾಳುವುದಿಲ್ಲ. ಹೆಂಡತಿ ಶಾಂತಾ ಶಿಕ್ಷಕಿ. ಅವಳದು ಫ್ಯಾನೇ ಇಲ್ಲದ ತೆಳ್ಳನೆಯ ಲ್ಯಾಪ್‌ಟಾಪ್. ಅದನ್ನು ನಾನು ಪಾಟಿ, ಅಂದರೆ ಮಕ್ಕಳ ಸ್ಲೇಟು, ಎಂದು ಹಂಗಿಸುತ್ತಿದ್ದೆ.

ಸೋಮವಾರ ಬಿಸಿಲಿಗೆ ಯಂತ್ರ ಮುಟ್ಟಲಾಗದಷ್ಟು ಕಾದಿತ್ತು. ನಮ್ಮಲ್ಲಿ ಬೇಸಿಗೆಗೆ ನೀರಿನ ಗಡಿಗೆಗೆ ಹಸಿ ಅರಿವೆ ಸುತ್ತುತ್ತೇವೆ, ನೀರು ತಣ್ಣಗಾಗುತ್ತದೆ. ಆ ಅರಿವೆಯನ್ನೇ ಬಿಚ್ಚಿ, ಚೆನ್ನಾಗಿ ಹಿಂಡಿ, ಲ್ಯಾಪ್‌ಟಾಪಿನ ಹೊಟ್ಟೆಗೆ ಸುತ್ತಿದೆ. ಗಾಳಿಯ ಜಾಲರಿಗಳೆಲ್ಲ ಮುಚ್ಚಿದವು. ಅಕ್ಷರಗಳು ಒಂದೊಂದಾಗಿ, ಒಲ್ಲದ ಮನಸ್ಸಿನಿಂದ ಮೂಡತೊಡಗಿದವು. ಆಮೇಲೆ ಅವೂ ನಿಂತವು, ಪರದೆ ಕಪ್ಪಾಯಿತು.

ರಿಪೇರಿ ಅಂಗಡಿಯ ರಫೀಕನಿಗೆ ಫೋನ್ ಮಾಡಿದೆ. ಅರಿವೆಯ ವಿಷಯವನ್ನೂ ಹೇಳಿದೆ.

"ಸರ, ನಿಮ್ಮ ಪ್ರೊಸೆಸರ್‌ನಾಗ ಕೆಲಸ ಮಾಡೋ ಕೋರ್ ಎಲ್ಲಾ ದೊಡ್ಡವ. ಹಿತ್ತಲದಾಗ ಮೆಂತೆ ಬಿತ್ತಾಕ ಎಂಟೆತ್ತಿನ ನೇಗಿಲಾ ಹೂಡಿದಂಗ. ಮೇವೂ ಜಾಸ್ತಿ, ಬೆವರೂ ಜಾಸ್ತಿ. ಕಾವು ಹೊರಗ ಹೋಗಾಕ ದಾರಿ ಇಲ್ಲಂದ್ರ ಮೊದಲ ನಡಿಗಿ ಕಡಿಮಿ ಮಾಡ್ತೈತಿ, ಆಮ್ಯಾಲ ಜೀವ ಉಳಿಸ್ಕೊಳ್ಳಾಕ ಕುಂತಬಿಡ್ತೈತಿ. ಶಾಂತಾ ಅಕ್ಕಾರ ಲ್ಯಾಪ್‌ಟಾಪ್‌ನಾಗ ಸಣ್ಣ ಕೋರ್ ಬ್ಯಾರೆ ಅದಾವ್ರಿ. ಟೈಪ್ ಮಾಡಾಕ ಅವ ಸಾಕು. ದೊಡ್ಡವು ಭಾರೀ ಕೆಲಸ ಬಂದಾಗಷ್ಟ ಏಳ್ತಾವ."

"ಈಗ ಏನು ಮಾಡ್ಲಿ?"

"ಮೊದಲ ಅರಿವಿ ಬಿಚ್ಚರಿ."

ಬಿಚ್ಚಿದೆ, ಆದರೂ ಯಂತ್ರ ಏಳಲಿಲ್ಲ. ಬೆಳಗಿನ ಶಾಲೆ ಮುಗಿಸಿ ಬಂದಿದ್ದ ಶಾಂತಾ ತನ್ನ ಲ್ಯಾಪ್‌ಟಾಪಿನಲ್ಲಿ ಮಕ್ಕಳ ಹಾಜರಿ ತುಂಬುತ್ತಿದ್ದಳು. ಕೇಳುವ ಮೊದಲೇ ಲ್ಯಾಪ್‌ಟಾಪ್ ಸರಿಸಿದಳು. "ತೊಗೊರ್ರಿ ಪಾಟಿ. ಗಡಗಿ ಅರಿವಿ ಎಲ್ಲೈತಿ? ನೀರು ಕಾದು ಚಾ ಆಗೇತಿ."

ನೋಟ್‌ಬುಕ್ ನೋಡಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಯಂತ್ರ ಸದ್ದು ಮಾಡಲಿಲ್ಲ, ಬಿಸಿಯಾಗಲಿಲ್ಲ, ಕರೆಂಟ್ ಕೇಳಲಿಲ್ಲ. ನಾಲ್ಕು ಐವತ್ತೆಂಟಕ್ಕೆ, ಅದರಲ್ಲಿ ತೆರೆದೇ ಇದ್ದ ಶಾಂತಾಳ ಇ-ಮೇಲಿನಿಂದ ವರದಿ ಕಳಿಸಿದೆ. ಅವಸರದಲ್ಲಿ ಕೊನೆಗೆ ನನ್ನ ಹೆಸರು ಬರೆಯಲಿಲ್ಲ.

ಅರಿವೆ ಈಗ ಗಡಿಗೆಯ ಮೇಲಿದೆ. ವರದಿ ಮಂಗಳವಾರ ಮೊದಲ ಪುಟದಲ್ಲಿ ಅಚ್ಚಾಯಿತು, ಶಾಂತಾಳ ಹೆಸರಿನಲ್ಲಿ.