ಒಂಬೈನೂರ ಎಂಬತ್ತನಾಲ್ಕು ಮೈಲಿ

ಓಗಿನೊನಿಗೆ ಇನ್ನು ಬೇಕಾಗಿದ್ದದ್ದು ಸಾವಿರದ ಒಂಬೈನೂರ ಅರವತ್ತು ಮೈಲಿ. ವರ್ಷದ ಕೊನೆಯ ದಿನ. ಗಡುವು ಅಂದೇ ಮುಗಿಯುತ್ತಿತ್ತು. ಒಂದು ವರ್ಷದಲ್ಲಿ ಇಂತಿಷ್ಟು ಮೈಲಿ ಹಾರಿದವರಿಗೆ ವಿಮಾನ ಕಂಪನಿ ಚಿನ್ನದ ಬಣ್ಣದ ಕಾರ್ಡು ಕೊಡುತ್ತದೆ. ಕಾರ್ಡಿದ್ದವನು ಎಲ್ಲರಿಗಿಂತ ಮೊದಲು ವಿಮಾನ ಹತ್ತಬಹುದು. ಅಂಗಿಯ ಗುಂಡಿ ಮಾರುವ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದ ಓಗಿನೊ ಇದುವರೆಗೆ ಯಾವುದರಲ್ಲೂ ಯಾರಿಗಿಂತಲೂ ಮೊದಲಾದವನಲ್ಲ.

ಟೋಕಿಯೊದಿಂದ ಒಕಿನಾವಾದ ನಹಾಕ್ಕೆ ಒಂಬೈನೂರ ಎಂಬತ್ತನಾಲ್ಕು ಮೈಲಿ. ಹೋಗಲು ಎರಡು ಮುಕ್ಕಾಲು ಗಂಟೆ. ಗಾಳಿ ಬೆನ್ನಿಗಿರುವುದರಿಂದ ಬರಲು ಎರಡೂಕಾಲು. ಹೋಗಿ, ಇಳಿದು, ಅದೇ ವಿಮಾನ ಹತ್ತಿ ಬಂದರೆ ಕೆಲಸವಾಯಿತು. ಊರು ನೋಡುವ ಮಾತಿಲ್ಲ. ಹೀಗೆ ಹಾರುವವರು ಇದನ್ನು ತಪಸ್ಸು ಎನ್ನುತ್ತಾರೆ.

ತಪೋಭಂಗಕ್ಕೆ ಮನೆಯಲ್ಲೇ ಜನವಿದ್ದರು. ಜಪಾನಿನಲ್ಲಿ ವರ್ಷದ ಕೊನೆಯ ದಿನವೆಂದರೆ ಮನೆ ಉಜ್ಜುವ ದಿನ.

“ಒಲೆ ಮೇಲಿನ ಫ್ಯಾನ್ ಯಾರು ತೊಳೀತಾರೆ?” ಎಂದಳು ಹೆಂಡತಿ ಮಿಚಿಯೊ.

“ಸೆಕ್ಷನ್ ಹೆಡ್ ಫೋನ್ ಮಾಡಿದ್ರು ಕಣೆ. ಸ್ಟಾಕ್‌ನಲ್ಲಿ ಏನೋ ಎಡವಟ್ಟಂತೆ. ಆಫೀಸಿಗೆ ಬಾ ಅಂದ್ರು.”

“ಅವರ ಮನೇಲಿ ಫ್ಯಾನ್ ಇಲ್ವಾ?”

ವಿಮಾನದಲ್ಲಿ ಪಕ್ಕದ ಸೀಟಿನವರು ಪತ್ರಿಕೆ ಇಳಿಸಿದರು. ಸೆಕ್ಷನ್ ಹೆಡ್ ತೊಗಾವಾ. ಒಂದೇ ಹಾಲಿನ ಪಾತ್ರೆಗೆ ಬಾಯಿ ಹಾಕಿದ ಎರಡು ಬೆಕ್ಕುಗಳ ಹಾಗೆ ಇಬ್ಬರೂ ನೋಡಿಕೊಂಡರು.

“ನೀವೂನಾ ಸಾರ್?”

“ನಂಗೂ ಇದೊಂದೇ ಸುತ್ತು ಬಾಕಿ ಕಣಯ್ಯ. ಮನೇಲಿ ಏನ್ ಹೇಳಿ ಬಂದೆ?”

“ನೀವು ಕರೆದ್ರಿ ಅಂತ. ನೀವು ಸಾರ್?”

ತೊಗಾವಾ ಕೆಮ್ಮಿ ಪತ್ರಿಕೆ ಎತ್ತಿಕೊಂಡರು. ಎರಡು ಮುಕ್ಕಾಲು ಗಂಟೆ ಅದನ್ನು ಇಳಿಸಲಿಲ್ಲ.

ನಹಾದಲ್ಲಿ ಇಳಿದು ಓಗಿನೊ ಫೋನ್ ತೆರೆದರೆ ಹೆಂಡತಿಯ ಮೂವತ್ತೊಂದು ಕರೆ. ಮೂವತ್ತೆರಡನೆಯದು ಆಗಲೇ ಬಂತು.

“ರೀ, ಜೀವ ಇದೆಯಾ? ನೀವು ಆಫೀಸಲ್ಲಿ ಕುಸಿದು ಬಿದ್ರಂತೆ. ನಿಮ್ಮ ಹೆಡ್ಡು ಹಾಗಂತ ತಮ್ಮ ಹೆಂಡ್ತಿಗೆ ಹೇಳಿ ಆಸ್ಪತ್ರೆಗೆ ಓಡಿದ್ರಂತೆ. ಆಯಮ್ಮ ಫೋನ್ ಮಾಡಿ ಅತ್ತರು. ಒಂಬತ್ತು ಆಸ್ಪತ್ರೆ ವಿಚಾರಿಸಿದೆ. ಎಲ್ಲಿದ್ದೀರಿ?”

ಓಗಿನೊ ಸಾಹೇಬರತ್ತ ತಿರುಗಿದ.

“ಬೇರೇನೂ ಹೊಳೀಲಿಲ್ಲ ಕಣಯ್ಯ,” ಎಂದು ತೊಗಾವಾ ಪಿಸುಗುಟ್ಟಿದರು.

ಅಷ್ಟರಲ್ಲಿ ಮೈಕು ನಹಾ ನಿಲ್ದಾಣಕ್ಕೆ ಸ್ವಾಗತ ಕೋರಿತು.

“ನಹಾನಾ?” ಎಂದಳು ಮಿಚಿಯೊ.

ತೊಗಾವಾ ಫೋನ್ ಕಸಿದುಕೊಂಡರು. “ಅಮ್ಮಾ, ನಾನು ತೊಗಾವಾ. ಈ ಕಾಯಿಲೆಗೆ ಇಲ್ಲೊಬ್ಬರು ಒಳ್ಳೇ ಡಾಕ್ಟರ್ ಇದಾರೆ. ನಾನೇ ಕರಕೊಂಡು ಬಂದೆ. ಗಾಬರಿ ಬೇಡ. ಮೂರು ದಿನ ಮಲಗಿರಬೇಕು, ವಿಮಾನ ಹತ್ತೋ ಹಾಗಿಲ್ಲ, ಅಷ್ಟೆ.”

“ಸಾರ್, ನನ್ನ ವಾಪಸು ಮೈಲಿ?” ಎಂದು ಓಗಿನೊ ಫೋನಿನ ಮೇಲೆ ಅಂಗೈ ಮುಚ್ಚಿ ಕೇಳಿದ.

“ಬರೋ ವರ್ಷ ಇದೆಯಲ್ಲ. ನೋಡು, ಸುಳ್ಳು ನಂದು, ಕಾಯಿಲೆ ನಿಂದು. ಅವರವರ ಕೆಲಸ ಅವರವರು ಮಾಡಬೇಕು.”

ಇಪ್ಪತ್ತಾರು ವರ್ಷದ ಅಭ್ಯಾಸ. ಓಗಿನೊನ ಸೊಂಟ ತಾನಾಗಿ ಬಾಗಿತು. ಅದು ನೇರವಾಗುವಷ್ಟರಲ್ಲಿ ತೊಗಾವಾ ಫೋನ್ ಅವನ ಕೈಗಿಟ್ಟು ಟೋಕಿಯೊ ವಿಮಾನದ ಸಾಲು ಸೇರಿಕೊಂಡಿದ್ದರು.

ಫೋನ್‌ನಲ್ಲಿ ಮಿಚಿಯೊ ಇನ್ನೂ ಇದ್ದಳು. “ನಾನೂ ಬರ್ತಿದ್ದೀನಿ ರೀ. ಟಿಕೆಟ್ ಸಿಕ್ತು. ಯಾವ ಆಸ್ಪತ್ರೆ, ಯಾವ ವಾರ್ಡು, ಬರೆದು ಕಳಿಸಿ.”

ಓಗಿನೊ ಹೊರಗೆ ಓಡಿ ಟ್ಯಾಕ್ಸಿ ಹತ್ತಿದ. “ಹತ್ತಿರದ ಆಸ್ಪತ್ರೆಗೆ ಬಿಡಪ್ಪ, ಬೇಗ.”

“ಏನಾಗಿದೆ ಸಾರ್?”

“ಇನ್ನೂ ತೀರ್ಮಾನ ಮಾಡಿಲ್ಲ.”